ಗಾಳಿ ಬರ್ತೈತಿ, ತಂಪು ಬರವಲ್ದು

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಏಪ್ರಿಲ್ ಮುಗಿಯುತ್ತ ಬಂದಂತೆ ಮುಂಜಾನೆ ಹತ್ತಕ್ಕೇ ಕಾರಿನ ಸ್ಟೇರಿಂಗು ಕೈ ಸುಡತೊಡಗುತ್ತದೆ. ರಾಯಚೂರು ಜಿಲ್ಲೆಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಉಳಿದಿಲ್ಲ. 40 ಡಿಗ್ರಿ ದಾಟಿದರೆ ಅದನ್ನು ಯಾರೂ ಸುದ್ದಿಯೆಂದು ಎಣಿಸುವುದಿಲ್ಲ. 43 ಆದರೆ ಚಹಾದಂಗಡಿಯಲ್ಲಿ ಒಂದು ಮಾತು ಬಂದು ಹೋಗುತ್ತದೆ, ಅಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಭತ್ತ ಬಂದು, ಭತ್ತದ ಹಿಂದೆ ದುಡ್ಡು ಬಂದು, ದುಡ್ಡಿನ ಹಿಂದೆ ಮೊದಲು ಟ್ರ್ಯಾಕ್ಟರೂ ಆಮೇಲೆ ಕಾರೂ ಬಂದ ಸೀಮೆ ಇದು. ಕಾರಿನ ಜೊತೆ ಎಸಿ ಬಂತು. ಎಸಿ ಬಂದಮೇಲೆ ಒಂದಲ್ಲ ಒಂದು ಬೇಸಿಗೆಯಲ್ಲಿ ಆ ಮಾತೂ ಬರಲೇಬೇಕು: "ಗಾಳಿ ಬರ್ತೈತಿ, ತಂಪು ಬರವಲ್ದು."

ಇದಕ್ಕೆ ಊರಲ್ಲಿ ಸಿದ್ಧ ಉತ್ತರವಿದೆ. ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು. ಬೀಡಿ ಸೇದುತ್ತ ಕೂತವರು, ಗೊಬ್ಬರದ ಚೀಲ ಇಳಿಸುತ್ತಿದ್ದವರು, ಜನ್ಮದಲ್ಲಿ ಕಾರು ಓಡಿಸದವರು, ಎಲ್ಲರ ತೀರ್ಪೂ ಒಂದೇ. "ಗ್ಯಾಸ್ ಖಾಲಿ ಆಗೈತ್ರಿ. ಸಿಂಧನೂರಿಗೆ ಹೋಗಿ ಹೊಡಸ್ಕೊಂಡು ಬರ್ರಿ." ಈಚೆಗೆ ಈ ತೀರ್ಪಿಗೆ ಒಂದು ಹೊಸ ಕವಲು ಒಡೆದಿದೆ. ಮನೆಯಲ್ಲಿ ಮೊಬೈಲ್ ವಿಡಿಯೊ ನೋಡುವ ಅಳಿಯನೊಬ್ಬನಿದ್ದರೆ ಅವನು ಹೇಳುತ್ತಾನೆ: "ಸಿಂಧನೂರಿಗೆ ಯಾಕ್ರೀ ಮಾವಾರ? ಡಬ್ಬಿ ತರಿಸಿ ಮನಿಯಾಗ ಹಾಕೋಣು. ಹತ್ತು ನಿಮಿಷದ ಕೆಲಸ." ನಿವೃತ್ತ ಮಾಸ್ತರರಾದ ಮಾವನಿಗೆ ಹತ್ತು ನಿಮಿಷ ಎನ್ನುವುದಕ್ಕಿಂತ ಮಿಸ್ತ್ರಿಯ ಖರ್ಚು ಉಳಿಯುತ್ತದೆ ಎನ್ನುವುದು ಹಿತವಾಗಿ ಕೇಳಿಸುತ್ತದೆ.

ತಕರಾರು ಇರುವುದು ಮೊದಲ ತೀರ್ಪಿನಲ್ಲೇ. ಎಸಿಯ ಗ್ಯಾಸು ಉರಿದು ತೀರುವ ಸರಕಲ್ಲ. ಬಿಸಿಲಲ್ಲಿ ಮಣ್ಣಿನ ಹರವಿಯ ಮೈ ಬೆವರಿ, ಆ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಎಳೆದೊಯ್ಯುತ್ತದಲ್ಲ, ಕಾರಿನೊಳಗೆ ನಡೆಯುವುದೂ ಅದೇ. ಹರವಿಯಿಂದ ಹೋದ ಆವಿ ಮರಳಿ ಬರುವುದಿಲ್ಲ. ಇಲ್ಲಿ ಅದನ್ನು ಹಿಡಿದು, ಹಿಂಡಿ, ಮತ್ತೆ ದ್ರವ ಮಾಡಿ, ಮತ್ತೆ ಅದೇ ಕೆಲಸಕ್ಕೆ ಹಚ್ಚುತ್ತಾರೆ. ಇಲ್ಲಿನ ಬಹುಪಾಲು ಕಾರುಗಳಲ್ಲಿರುವುದು 134ಎ ಎಂಬ ಗ್ಯಾಸು. ಬಯಲಿಗೆ ಬಿಟ್ಟರೆ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಸುಮಾರು 28 ಪಿಎಸ್‌ಐ ಒತ್ತಡದಲ್ಲಿ ಇಟ್ಟರೆ ಸೊನ್ನೆ ಡಿಗ್ರಿಯ ಆಸುಪಾಸು ಕುದಿಯುತ್ತದೆ. ಕುದಿಯುವುದಕ್ಕೆ ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದಲೇ ಕಸಿಯುತ್ತದೆ. ಅಲ್ಲಿಂದ ಕಂಪ್ರೆಸರು ಅದನ್ನು ಎಳೆದು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿ ಹೊರಗಿನ ಗಾಳಿಗೆ ಕಾವು ಕೊಟ್ಟು ದ್ರವವಾಗಿ, ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಸುಳಿ, ಮರಳಿ ಕಾಯಿಲಿಗೆ ಬರುತ್ತದೆ. ಈ ಸುತ್ತಿನಲ್ಲಿ ಒಂದು ಹನಿಯೂ ಖರ್ಚಾಗುವುದಿಲ್ಲ.

ಆದ್ದರಿಂದ ಗ್ಯಾಸು ಕಡಿಮೆಯಾಗಿದ್ದರೆ ಅದು ಎಲ್ಲೋ ಸೋರಿದೆ ಎಂದೇ ಅರ್ಥ. ನಿಜ, ರಬ್ಬರ್ ಪೈಪಿನ ಗೋಡೆಯಿಂದ, ಕಂಪ್ರೆಸರಿನ ಶಾಫ್ಟ್ ಸೀಲಿನಿಂದ ವರ್ಷಕ್ಕೆ ಕೆಲವೇ ಗ್ರಾಂ ಜಿನುಗುವುದು ಎಲ್ಲ ಕಾರಿಗೂ ಇದ್ದದ್ದೇ. ಏಳೆಂಟು ವರ್ಷ ಯಾರೂ ಮುಟ್ಟದ ಕಾರು ತುಸು ಬಳಲಿದ್ದರೆ ಅದನ್ನು ಮನ್ನಿಸಬಹುದು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ತೂತು ಮುಚ್ಚದೆ ತುಂಬಿದ್ದಾರೆ ಅಷ್ಟೇ. "ವರ್ಷಾ ಗ್ಯಾಸ್ ಹೊಡಸಬೇಕಾಗ್ತದ್ರಿ" ಎಂದು ಹೇಳುವ ಅಂಗಡಿಯವರಿಗೆ ಪ್ರತಿ ಬೇಸಿಗೆ ಸುಗ್ಗಿ.

ಇನ್ನು ತಂಪು ಬಾರದ ಎಲ್ಲ ಕಾರಿನಲ್ಲೂ ಗ್ಯಾಸೇ ಹೋಗಿರುತ್ತದೆ ಎಂದೂ ಇಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಕಾರಿಗೆ ಮೊದಲ ಶತ್ರು ದೂಳು. ಭತ್ತದ ಕಟಾವು ಯಂತ್ರ ಗದ್ದೆಗೆ ಇಳಿದ ದಿನಗಳಲ್ಲಿ ರಸ್ತೆಯ ಮೇಲೆಲ್ಲ ಹೊಟ್ಟು ಹಾರುತ್ತದೆ. ರೈಸ್ ಮಿಲ್ಲಿನ ಬದಿಯಲ್ಲಿ ಹಾದರೆ ತೌಡು, ಬೂದಿ. ಅದರ ಲೆಕ್ಕ ಗ್ಲೋವ್‌ಬಾಕ್ಸಿನ ಹಿಂದೆ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಆ ಪೆಟ್ಟಿಗೆಯ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಜೋತುಬೀಳುತ್ತದೆ. ಹಿಂದೆ ಒಂದು ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ, ಅದನ್ನು ತೆಗೆದರೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರು. ಹೊಸದರಲ್ಲಿ ಬಿಳಿ ಇರುವ ಇದು ಇಲ್ಲಿ ಎರಡು ಸುಗ್ಗಿ ಕಂಡಿದ್ದರೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮಡಿಕೆಗಳ ನಡುವೆ ಹೊಟ್ಟು, ಸೊಳ್ಳೆಯ ರೆಕ್ಕೆ, ಒಂದೆರಡು ಬೇವಿನ ಎಲೆ. ಮೂಲೆಯಲ್ಲಿ ಇಲಿ ಕಡಿದು ಗುಡ್ಡೆ ಹಾಕಿದ ಅರಳೆಯಂಥ ನೂಲು. ಭತ್ತದ ಊರಿನ ಇಲಿಗೆ ಕಾರು ಎಂದರೆ ಚಳಿಗಾಲದಲ್ಲಿ ಬೆಚ್ಚನೆಯ ಎಂಜಿನ್ನು, ಬೇಸಿಗೆಯಲ್ಲಿ ಬ್ಲೋವರಿನ ಕೋಣೆ. ಫಿಲ್ಟರು ಹೀಗೆ ಕಟ್ಟಿಕೊಂಡಾಗ ಕಾಯಿಲು ತಣ್ಣಗೇ ಇರುತ್ತದೆ, ಅದರ ಮೇಲೆ ಬೀಸಿ ಬರಬೇಕಾದ ಗಾಳಿಯೇ ಇರುವುದಿಲ್ಲ. ಮಾವಾರಿಗೆ ಇದನ್ನು ತೋರಿಸಿದರೆ ಅವರು ಮೊದಲು ಕೇಳುವುದು, ಇಂಥದೊಂದು ಫಿಲ್ಟರ್ ಕಾರಿನಲ್ಲಿದೆ ಎಂದು ಕಾರು ಮಾರುವಾಗ ಯಾಕೆ ಹೇಳಲಿಲ್ಲ ಎಂದು. ಪ್ರಶ್ನೆ ನ್ಯಾಯವಾದದ್ದೇ.

ಎರಡನೆಯದು ಮುಂಭಾಗದ ಜಾಳಿಗೆ. ಬಂಪರಿನ ಸಂದಿಯಲ್ಲಿ ಬ್ಯಾಟರಿ ಹಾಕಿ ನೋಡಿದರೆ ಕಂಡೆನ್ಸರಿನ ತೆಳು ತಗಡುಗಳ ನಡುವೆ ಕೆಸರು ಒಣಗಿ ಕೂತಿರುವುದು ಕಾಣುತ್ತದೆ. ರಸ್ತೆಯಲ್ಲಿ ಓಡುವಾಗ ತಂಪು, ಸಿಗ್ನಲ್ಲಿನಲ್ಲೋ ಸಂತೆಯಲ್ಲೋ ನಿಂತಾಗ ಬೆಚ್ಚಗೆ ಎಂಬ ದೂರು ಬಂದರೆ ಒಂದೋ ಈ ಕೆಸರು, ಇಲ್ಲವೇ ಕಂಡೆನ್ಸರಿನ ಫ್ಯಾನು ತಿರುಗುತ್ತಿಲ್ಲ. ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಆ ಫ್ಯಾನು ಗುಂಯ್ ಎನ್ನಬೇಕು. ಎನ್ನದಿದ್ದರೆ ಫ್ಯೂಸ್, ರಿಲೇ, ವೈರು ನೋಡಬೇಕು. ವೈರಿನ ವಿಷಯದಲ್ಲಿ ಮತ್ತೆ ಇಲಿಯ ಮೇಲೆ ಅನುಮಾನ. ಜಾಳಿಗೆಯನ್ನು ತೊಳೆಯಲು ಮನೆಯ ಪೈಪಿನ ನೀರು ಸಾಕು. ಸರ್ವಿಸ್ ಸ್ಟೇಶನ್ನಿನ ಜೋರು ಪಂಪನ್ನು ಹತ್ತಿರ ಹಿಡಿದರೆ ಆ ತಗಡುಗಳೆಲ್ಲ ಒರಗಿಬಿದ್ದು ಇದ್ದ ಸಂದಿಯೂ ಮುಚ್ಚುತ್ತದೆ. ಎಂಜಿನ್ ಆರಿದ ಮೇಲೆ, ಸಂಜೆಯ ಹೊತ್ತು, ಮೆಲ್ಲಗೆ ನೀರು ಬಿಡುವ ಈ ಕೆಲಸದಲ್ಲಿ ಅಳಿಯನ ಉತ್ಸಾಹವನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯೂ ಒಂದಿದೆ, ಮಿಸ್ತ್ರಿಗಳು ಮೀಟರ್ ಹಚ್ಚುವ ಮೊದಲು ಮಾಡುವುದೂ ಅದನ್ನೇ. ಎಂಜಿನ್ ಚಾಲೂ ಮಾಡಿ, ಎಸಿಯನ್ನು ಪೂರ್ತಿ ತಂಪಿಗೆ ಇಟ್ಟು, ಬೆಲ್ಟಿಗೂ ಫ್ಯಾನಿಗೂ ಕೈಯನ್ನೋ ಹೆಗಲ ಟವೆಲನ್ನೋ ಸಿಕ್ಕಿಸಿಕೊಳ್ಳದೆ, ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಹುಡುಕಬೇಕು. ದಪ್ಪನೆಯದು ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ದಾರಿ. ಅದು ತಣ್ಣಗೆ, ಹನಿ ಹನಿ ಬೆವರಿರಬೇಕು. ತೆಳುವಾದದ್ದು ಬೆಚ್ಚಗಿರಬೇಕು, ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪಂತೂ ಸುಡುವಷ್ಟು ಕಾದಿರುತ್ತದೆ, ಅದನ್ನು ಮುಟ್ಟದಿದ್ದರೇ ಒಳ್ಳೆಯದು. ದಪ್ಪ, ತೆಳು ಎರಡೂ ಕೊಳವೆ ಒಂದೇ ಹದದಲ್ಲಿದ್ದರೆ ಗ್ಯಾಸಿಲ್ಲ ಅಥವಾ ಕಂಪ್ರೆಸರು ದುಡಿಯುತ್ತಿಲ್ಲ. ಕ್ಲಚ್ ಇರುವ ಕಂಪ್ರೆಸರಾದರೆ ಎಸಿ ಬಟನ್ ಒತ್ತಿದ ಕೂಡಲೇ ಟಕ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಕಂಪ್ರೆಸರ್ ಸತ್ತಿದೆ ಎಂದು ಸೂತಕ ಹಿಡಿಯಬೇಕಿಲ್ಲ; ಗ್ಯಾಸು ತೀರ ಕಡಿಮೆಯಾದಾಗ ಕಂಪ್ರೆಸರನ್ನು ಕಾಯಲೆಂದು ಪ್ರೆಶರ್ ಸ್ವಿಚ್ಚೇ ಅದನ್ನು ತಡೆದಿರುತ್ತದೆ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗದಲ್ಲಿ ಎಣ್ಣೆಯ ಪಸೆ, ಅದಕ್ಕೆ ಅಂಟಿದ ದೂಳು. ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವುದು ಸೈಕಲ್ ಟ್ಯೂಬಿನ ಕಾಲದ ವಿದ್ಯೆ, ಇಲ್ಲಿಗೂ ನಡೆಯುತ್ತದೆ. ಮೊದಲು ಚೆನ್ನಾಗಿ ತಂಪಿದ್ದು ಮುಕ್ಕಾಲು ಗಂಟೆಯಲ್ಲಿ ಗಾಳಿಯೇ ನಿಂತುಹೋಗಿ, ಎಸಿ ಆರಿಸಿ ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಾದರೆ ಕಾಯಿಲಿನ ಮೇಲೆ ಮಂಜು ಕಟ್ಟುತ್ತಿದೆ ಎಂದು ತಿಳಿಯಬೇಕು. ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದು ರೋಗವಲ್ಲ, ಆರೋಗ್ಯ. ಆ ನೀರು ಪಕ್ಕದ ಸೀಟಿನವರ ಕಾಲ ಮೇಲೆ ಬಿದ್ದರೆ ಮಾತ್ರ ಡ್ರೈನ್ ಪೈಪು ಕಟ್ಟಿಕೊಂಡಿದೆ.

ಎಲ್ಲ ಸರಿಯಿದ್ದೂ ತಂಪಾಗದ ಕಾರುಗಳಿವೆ. ಅವುಗಳ ತಪ್ಪು ನಿಂತ ಜಾಗದ್ದು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರೂ ಜೊತೆಗಾರರೂ ಕಡುಬೇಸಿಗೆಯಲ್ಲಿ ಕಾರುಗಳನ್ನು ಬಿಸಿಲಿಗೂ ನೆರಳಿಗೂ ನಿಲ್ಲಿಸಿ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡು 69 ಡಿಗ್ರಿ ಮುಟ್ಟಿತ್ತು. ನೆರಳಿನ ಕಾರಿನಲ್ಲಿ ಡ್ಯಾಶ್‌ಬೋರ್ಡು 48ರ ಆಸುಪಾಸು ಇತ್ತು. ಬಿಸಿಲಲ್ಲಿ ಹಾಗೆ ಕಾದ ಕಾರಿಗೆ ಹತ್ತಿ, ಗಾಜು ಏರಿಸಿ, ಎಸಿ ಹಾಕಿ, ಎರಡು ನಿಮಿಷಕ್ಕೆ ಬೈಯ್ಯತೊಡಗುವುದು ಅನ್ಯಾಯ. ನಾಲ್ಕೂ ಬಾಗಿಲು ತೆರೆದು ಕಾವು ಹೊರಗೆ ಬಿಟ್ಟು, ಗಾಜು ಇಳಿಸಿಕೊಂಡೇ ಒಂದು ಫರ್ಲಾಂಗು ಓಡಿಸಿ, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಹೊರಗಿನ 42 ಡಿಗ್ರಿಯ ಗಾಳಿಯನ್ನು ಸದಾ ಒಳಗೆಳೆದು ತಂಪು ಮಾಡು ಎಂದರೆ ಯಾವ ಯಂತ್ರವೂ ಸೋಲುತ್ತದೆ. ನೆರಳಿನ ಮಾತು ಬಂದಾಗ ಮಸ್ಕಿಯವರಿಗೆ ಅಶೋಕ ನೆನಪಾಗಬೇಕು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅಲ್ಲಿನ ಬಂಡೆಯ ಮೇಲೆ ಕಂಡ ಶಾಸನದಿಂದಲೇ ದೇವಾನಾಂಪ್ರಿಯನ ಹೆಸರು ಅಶೋಕ ಎಂಬುದು ಖಚಿತವಾದದ್ದು. ಮಸ್ಕಿಯ ಬಂಡೆಯಲ್ಲಿ ಮರದ ಮಾತಿಲ್ಲ. ಆದರೆ ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಶಾಸನದಲ್ಲಿ, ದನಕರುವಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಯ ಬದಿಗೆ ಆಲದ ಮರ ನೆಡಿಸಿದೆ ಎಂದು ಅದೇ ದೊರೆ ಹೇಳಿಸಿದ್ದಾನೆ. ಈಗ ಮಸ್ಕಿಯ ರಸ್ತೆಬದಿಯ ಒಂದು ಬೇವಿನ ನೆರಳಿಗೆ ಮೂರು ಕಾರು, ಒಂದು ಬುಲೆಟ್ಟು ಪೈಪೋಟಿ ನಡೆಸುತ್ತವೆ.

ಸೋರುವ ಈ ಗ್ಯಾಸಿಗೂ ಒಂದು ಚರಿತ್ರೆಯಿದೆ. ಕಾರಿಗೆ ಎಸಿ ಹಾಕಿದ ಮೊದಲ ಕಂಪನಿ ಅಮೆರಿಕದ ಪ್ಯಾಕರ್ಡ್. 1939ರಲ್ಲಿ ತೋರಿಸಿ 1940ರ ಮಾದರಿಗೆ ಕೊಟ್ಟ ಆ ಎಸಿಗೆ ಒಳಗಿನಿಂದ ಆರಿಸುವ ಸ್ವಿಚ್ಚೇ ಇರಲಿಲ್ಲ. ಸಾಕೆನಿಸಿದರೆ ಕಾರು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. ಅದರೊಳಗೆ ಓಡುತ್ತಿದ್ದ ಗ್ಯಾಸಿನ ಬಳಗವನ್ನು ಕೊಟ್ಟವನು ಥಾಮಸ್ ಮಿಜ್ಲಿ. 1930ರಲ್ಲಿ ಸಭೆಯ ಮುಂದೆ ಅದನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ, ವಿಷವೂ ಇಲ್ಲ, ಬೆಂಕಿಯೂ ಇಲ್ಲ ಎಂದು ತೋರಿಸಿದ್ದ. ಪೆಟ್ರೋಲಿಗೆ ಸೀಸ ಬೆರೆಸಿದವನೂ ಅವನೇ. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಈ ಗ್ಯಾಸು ಓಝೋನನ್ನು ತಿನ್ನುತ್ತದೆ ಎಂದು ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಹಳೆಯ ಕಾರುಗಳಲ್ಲಿದ್ದ ಆ ಬಳಗದ ಆರ್-12 ಹೋಗಿ 134ಎ ಬಂದದ್ದು ಹೀಗೆ. ಅದು ಓಝೋನಿಗೆ ನಿರಪಾಯಕಾರಿ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಿರುಸು. ಸಣ್ಣ ಕಾರೊಂದರಲ್ಲಿರುವ 400 ಗ್ರಾಂ ಗಾಳಿಗೆ ಹೋದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟು ಕೆಡುಕು. ತೂತು ಮುಚ್ಚದೆ ವರ್ಷವರ್ಷ ತುಂಬಿಸುವವರು ಊರಿನ ಬಿಸಿಲಿಗೆ ತಮ್ಮ ಕೈಲಾದ ಸೇವೆ ಸಲ್ಲಿಸುತ್ತಿದ್ದಾರೆ ಎನ್ನಬೇಕು.

ಈಗ ಅಳಿಯನ ಡಬ್ಬಿಗೆ ಬರೋಣ. ಅಮೆರಿಕದಲ್ಲಿ ಇದು ನಿಜವಾಗಿಯೂ ಮನೆಗೆಲಸ. ಬಿಡಿಭಾಗದ ಅಂಗಡಿಯಲ್ಲಿ 340 ಗ್ರಾಂ ಡಬ್ಬಿ, ಅದಕ್ಕೊಂದು ರಬ್ಬರ್ ಪೈಪು, ಹಸಿರು-ಹಳದಿ-ಕೆಂಪು ಬಣ್ಣದ ಪುಟ್ಟ ಮೀಟರು ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಡಬ್ಬಿಯ ಬಾಯಿಗೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಕಡ್ಡಾಯ; ಡಬ್ಬಿ ಕೊಳ್ಳುವಾಗ 10 ಡಾಲರ್ ಠೇವಣಿ ಇಟ್ಟು, ಖಾಲಿ ಡಬ್ಬಿ ಮರಳಿಸಿದಾಗ ಪಡೆಯಬೇಕು. ಉಳಿದ ಗ್ಯಾಸನ್ನು ಜನ ಗಾಳಿಗೆ ಬಿಡಬಾರದು ಎಂಬುದು ಲೆಕ್ಕ. ಈ ಕಡೆ ಡಬ್ಬಿ ಮಾತ್ರ ಬಂದಿದೆ.

ಡಬ್ಬಿಯ ಮೀಟರಿನಿಂದ ಸಿಂಧನೂರಿನ ಮೇ ತಿಂಗಳಲ್ಲಿ ಏನು ತಿಳಿಯುತ್ತದೆ? ಎಂಜಿನ್ ಬಂದ್ ಇದ್ದಾಗ 134ಎ ಒತ್ತಡ ಉಷ್ಣತೆಯ ಬೆನ್ನುಹತ್ತಿ ಹೋಗುತ್ತದೆ: 30 ಡಿಗ್ರಿಗೆ ಸುಮಾರು 97 ಪಿಎಸ್‌ಐ, 40ಕ್ಕೆ ಸುಮಾರು 133. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, 250 ಗ್ರಾಂ ಇದ್ದರೂ ಅದೇ ಅಂಕಿ, 400 ಇದ್ದರೂ ಅದೇ ಅಂಕಿ. ಎಂಜಿನ್ ಚಾಲೂ ಇದ್ದಾಗ ಡಬ್ಬಿಯ ಮೀಟರು ನೋಡುವುದು ಕಡಿಮೆ ಒತ್ತಡದ ಬದಿಯನ್ನು ಮಾತ್ರ. ಆ ಬದಿಯ ಅಂಕಿ ಏರಿದ್ದರೆ ಗ್ಯಾಸ್ ಜಾಸ್ತಿ ಇರಬಹುದು, ಕಂಪ್ರೆಸರ್ ಸೋತಿರಬಹುದು, ಕಂಡೆನ್ಸರಿನಲ್ಲಿ ಹೊಟ್ಟು ತುಂಬಿರಬಹುದು, ಇಲ್ಲವೇ ಹೊರಗೆ ಬರೀ ಬಿಸಿಲಿರಬಹುದು. ಇವನ್ನು ಬಿಡಿಸಿ ಹೇಳಲು ಇನ್ನೊಂದು ಬದಿಯ ಮೀಟರೂ ಬೇಕು. 40 ದಾಟಿದ ದಿನ ಅಲ್ಲಿ 230, 260 ಪಿಎಸ್‌ಐ ಕಂಡರೆ ಗಾಬರಿಯಾಗಬೇಕಿಲ್ಲ. ಅಳಿಯ ಮಾತ್ರ ಹಸಿರು ಗೆರೆಯನ್ನೇ ನಂಬಿ ಕೂತಿರುತ್ತಾನೆ.

ಅಪಾಯದ ಮಾತನ್ನೂ ಹೇಳಲೇಬೇಕು. ಹೊರಬೀಳುವ ಗ್ಯಾಸು ಬೆರಳಿಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು; ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬಾರದು. ಡಬ್ಬಿಯನ್ನು ಹೆಚ್ಚಿನ ಒತ್ತಡದ ಬದಿಗೆ ಜೋಡಿಸಿದರೆ ಗ್ಯಾಸು ಡಬ್ಬಿಗೇ ತಿರುಗಿ ನುಗ್ಗಿ ಅದು ಸಿಡಿಯುತ್ತದೆ. ಇದನ್ನು ತಡೆಯಲೆಂದೇ 134ಎ ಕಾರುಗಳಲ್ಲಿ ಕಡಿಮೆ ಬದಿಯ ಮೂತಿ 13 ಮಿ.ಮೀ., ಹೆಚ್ಚಿನದು 16 ಮಿ.ಮೀ. ಇಟ್ಟಿದ್ದಾರೆ, ಹೊಂದದ ಪೈಪನ್ನು ಟೇಪು ಸುತ್ತಿ ಹೊಂದಿಸುವ ಜಾಣರಿಗೆ ಆ ಮೂರು ಮಿಲಿಮೀಟರು ಅಡ್ಡಿಯಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿದರೆ ದ್ರವ ಕಂಪ್ರೆಸರಿಗೆ ನುಗ್ಗುತ್ತದೆ, ಆವಿಯನ್ನು ಒತ್ತಲು ಹುಟ್ಟಿದ ಯಂತ್ರ ದ್ರವವನ್ನು ಒತ್ತಲಾರದೆ ಮುರಿಯುತ್ತದೆ. ಇಂಥ ಡಬ್ಬಿಗಳನ್ನು 50 ಡಿಗ್ರಿ ಮೇಲೆ ಕಾಯಿಸಬಾರದು ಎಂಬ ಎಚ್ಚರಿಕೆ ಇರುತ್ತದೆ. ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಊಟಕ್ಕೆ ಹೋಗುವವರು 69 ಡಿಗ್ರಿಯ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಕಲಬೆರಕೆ. ಡಬ್ಬಿಯ ಮೇಲೆ 134ಎ ಎಂದು ಬರೆದಿದ್ದರೂ ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳಿಗೆ ತುಂಬಿದ ಗ್ಯಾಸಿನಲ್ಲಿ ಅಗ್ಗದ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೇ ಹೊತ್ತಿಕೊಳ್ಳುವ ವಸ್ತುವಾಯಿತು. ವಿಯೆಟ್ನಾಂ, ಬ್ರೆಜಿಲ್ ಬಂದರುಗಳಲ್ಲಿ ಕಂಪ್ರೆಸರ್ ಸಿಡಿದು ಕೆಲಸಗಾರರು ಸತ್ತರು. ಅಡುಗೆ ಗ್ಯಾಸನ್ನೇ ತುಂಬಿದರೂ ತಂಪು ಬರುತ್ತದೆ, ಇನ್ನೂ ಚೆನ್ನಾಗಿಯೇ ಬರುತ್ತದೆ ಎಂಬ ಜಾಣತನವೂ ಅಲ್ಲಲ್ಲಿ ಕೇಳಿಬರುತ್ತದೆ. ತಂಪು ಬರುವುದು ಸುಳ್ಳಲ್ಲ. ಡ್ಯಾಶ್‌ಬೋರ್ಡಿನ ಹಿಂದಿನ ಕಾಯಿಲು ಸೋರಿದ ದಿನ ಮುಚ್ಚಿದ ಗಾಜಿನೊಳಗೆ ಮನೆಮಂದಿಯ ಜೊತೆ ಆ ಗ್ಯಾಸೂ ಕೂತಿರುತ್ತದೆ. ತೂತು ಮುಚ್ಚುವ ಮದ್ದು ಬೆರೆಸಿದ ಡಬ್ಬಿಗಳ ಕತೆ ಬೇರೆ: ತೂತಿನ ಜೊತೆ ಎಕ್ಸ್‌ಪಾನ್ಶನ್ ವಾಲ್ವನ್ನೂ ಮುಚ್ಚುವುದುಂಟು. ಅಂಥ ಕಾರಿಗೆ ಗ್ಯಾಸು ಎಳೆದುಕೊಳ್ಳುವ ತಮ್ಮ ಮಷೀನು ಹಚ್ಚಲು ಬಲ್ಲ ಮಿಸ್ತ್ರಿಗಳು ಒಪ್ಪುವುದಿಲ್ಲ.

ಇನ್ನೊಂದು ಅಡ್ಡದಾರಿ ಫ್ರಿಜ್ ರಿಪೇರಿಯವರದು. "ನಮ್ಮ ಫ್ರಿಜ್‌ನಾಗೂ ಇದೇ ಗ್ಯಾಸ್ ಬಿಡ್ರಿ" ಎಂದು ಅವರು ಹೇಳಿದರೆ ಅದೂ ಬಹುಕಾಲ ನಿಜವಾಗಿತ್ತು. ಗ್ಯಾಸು ಒಂದೇ ಇರಬಹುದು, ಎಣ್ಣೆ ಬೇರೆ. ಬೆಲ್ಟಿನಿಂದ ತಿರುಗುವ ಕಾರಿನ ಕಂಪ್ರೆಸರಿಗೆ ಸಾಮಾನ್ಯವಾಗಿ ಪ್ಯಾಗ್ ಎಂಬ ಎಣ್ಣೆ; ಹೈಬ್ರಿಡ್ ಕಾರುಗಳ ವಿದ್ಯುತ್ ಕಂಪ್ರೆಸರಿಗೆ ವಿದ್ಯುತ್ ಹಾಯದ ಬೇರೆ ಎಣ್ಣೆಯೇ ಆಗಬೇಕು. ಪ್ಯಾಗ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಪೈಪು ಬಿಚ್ಚಿ ಹೊರಗಿನ ಗಾಳಿ ಹೊಕ್ಕರೆ ಅದರೊಂದಿಗೆ ನೀರೂ ಹೊಕ್ಕಿತು; ಆ ನೀರು ಒಳಗೆ ಆಮ್ಲವಾಗುತ್ತದೆ, ವಾಲ್ವಿನ ಕಂಡಿಯಲ್ಲಿ ಮಂಜಾಗಿ ಕೂರುತ್ತದೆ. ಅದನ್ನು ತೆಗೆಯುವ ದಾರಿ ಒಂದೇ, ವ್ಯಾಕ್ಯೂಮ್ ಹೊಡೆಯುವುದು. ಒತ್ತಡ ಇಳಿಸಿದರೆ ನೀರು ತಾನೇ ಕುದಿದು ಆವಿಯಾಗಿ ಹೊರಬರುತ್ತದೆ. 30 ಡಿಗ್ರಿಯಲ್ಲಿ ಇದಕ್ಕೆ ಒತ್ತಡ ಪಾದರಸದ ಸುಮಾರು 32 ಮಿ.ಮೀ.ಗೆ ಇಳಿಯಬೇಕು, 40 ಡಿಗ್ರಿಯಲ್ಲಿ 55 ಮಿ.ಮೀ. ಸಾಕು. ರಾಯಚೂರಿನ ಬಿಸಿಲಿನಿಂದ ಎಸಿಗೆ ಆಗುವ ಏಕೈಕ ಉಪಕಾರ ಇದು.

ಸಾಲಗುಂದದ ಕಾರಿನವರಿಗಿಂತ ಈ ವಿದ್ಯೆ ಹೆಚ್ಚು ಬೇಕಾಗುವುದು ಮುಂದೆ ಬೇರೆಯವರಿಗೆ. ಕಾರ್ಖಾನೆಯಿಂದ ಹೊರಬರುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂಬ ಕೇಂದ್ರ ಸರ್ಕಾರದ ನಿಯಮ 2025ರಿಂದ ಜಾರಿಗೆ ಬಂದಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ ಹಾದು ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಅಕ್ಕಿ ಹೊತ್ತು ಓಡುವ ಲಾರಿಯ ಡ್ರೈವರು ಇಷ್ಟು ವರ್ಷ ಎಂಜಿನ್ನಿನ ಕಾವು ಕೆಳಗೆ, ಬಿಸಿಲಿನ ಕಾವು ಮೇಲೆ ಎಂದು ಬೆಂದವನು. ಅವನಿಗೆ ಸಿಕ್ಕ ತಂಪು ಡೀಸೆಲ್ ಉಳಿಸುವ ಮಾಲೀಕನ ಕಣ್ಣು ತಪ್ಪಿಸಿ ಎಷ್ಟು ದಿನ ಉಳಿದೀತು ಎಂಬುದನ್ನು ನೋಡಬೇಕು.

ಕಡೆಗೆ ಮಾವ-ಅಳಿಯ ಸಿಂಧನೂರಿಗೇ ಹೋಗುತ್ತಾರೆ. ಫಿಲ್ಟರು ಬದಲಾಗಿದೆ, ಕಂಡೆನ್ಸರು ತೊಳೆದಾಗಿದೆ, ಗಾಳಿ ಹೆಚ್ಚಿದೆ, ತಂಪು ಮಾತ್ರ ಅಷ್ಟಕ್ಕಷ್ಟೆ. ಮಿಸ್ತ್ರಿ ಎರಡು ಮೀಟರು ಹಚ್ಚುತ್ತಾನೆ; ಎರಡೂ ಬದಿ ಕಡಿಮೆ. ಕಂಡೆನ್ಸರಿಗೆ ಪೈಪು ಸೇರುವ ಜಾಗದಲ್ಲಿ ದೂಳು ಜಿಡ್ಡುಗಟ್ಟಿದೆ. ಉಳಿದ ಗ್ಯಾಸನ್ನು ಮಷೀನಿನೊಳಗೆ ಎಳೆದುಕೊಂಡು, ನಟ್ಟು ಬಿಚ್ಚಿ, ಚಪ್ಪಟೆಯಾಗಿ ಸೀಳುಬಿಟ್ಟ ಹಸಿರು ಓ-ರಿಂಗೊಂದನ್ನು ಮಾವಾರ ಅಂಗೈಗೆ ಹಾಕುತ್ತಾನೆ. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ, ವ್ಯಾಕ್ಯೂಮ್ ಪಂಪು ಹಚ್ಚಿ, ಅರ್ಧ ಗಂಟೆ ಬಿಟ್ಟು ವಾಲ್ವ್ ಮುಚ್ಚಿ ಮುಳ್ಳನ್ನೇ ನೋಡುತ್ತ ನಿಲ್ಲುತ್ತಾನೆ. ಮುಳ್ಳು ಅಲುಗದಿದ್ದರೆ ತೂತಿಲ್ಲ. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ 350 ಗ್ರಾಂ ಎಂದು ಬರೆದಿದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟನ್ನೇ ತೂಗಿ ಬಿಡುತ್ತಾನೆ.

"ರೊಕ್ಕ ಕೊಡ್ತೀವಲ್ಲಪಾ, ಇನ್ನೊಂದು ಐವತ್ತು ಗ್ರಾಂ ಬಿಡು. ಬ್ಯಾಸಿಗಿ ಭಾಳ ಐತಿ" ಎಂದು ಮಾವಾರು.

"ಹೆಚ್ಚು ಹಾಕಿದ್ರ ತಂಪು ಕಡಿಮಿ ಆಗತೈತ್ರಿ ಸರ. ಕಂಡೆನ್ಸರ್‌ನಾಗ ಬರೇ ದ್ರವಾನ ತುಂಬಿ ನಿಲ್ತೈತಿ, ಪ್ರೆಶರ್ ಏರಿ ಕಂಪ್ರೆಸರ್ ಕಡೀತೈತಿ."

ಅಳಿಯ ಈ ಮಾತನ್ನು ಮೊದಲೇ ತಿಳಿದವನಂತೆ ತಲೆಯಾಡಿಸುತ್ತಾನೆ. ಮಿಸ್ತ್ರಿ ಗಾಳಿಯ ಕಂಡಿಗೆ ಥರ್ಮಾಮೀಟರ್ ಸಿಕ್ಕಿಸಿ, ಹನ್ನೊಂದು ಡಿಗ್ರಿ ತೋರಿಸಿ, ಬಿಲ್ಲು ಬರೆದುಕೊಡುತ್ತಾನೆ: ಗ್ಯಾಸಿಗೆ ಇಷ್ಟು, ವ್ಯಾಕ್ಯೂಮಿಗೆ ಇಷ್ಟು, ಕೂಲಿ ಇಷ್ಟು, ಓ-ರಿಂಗಿಗೆ ಇಪ್ಪತ್ತು ರೂಪಾಯಿ. ಮಾವಾರು ಕನ್ನಡಕ ಏರಿಸಿ ಎಲ್ಲವನ್ನೂ ಓದಿ, ಬೆರಳಿಟ್ಟು ಚೌಕಾಸಿಗೆ ಇಳಿದದ್ದು ಆ ಇಪ್ಪತ್ತು ರೂಪಾಯಿಯ ಮೇಲೆ.